ಬರ್ತ್ ಸೆಂಟರ್, ಆಸ್ಪತ್ರೆ, ಮನೆ: ಚೊಚ್ಚಲು ಹೆರಿಗೆಗೆ ಯಾವ್ದು ಸರಿ? ತಲೆ ಕೆಟ್ಟೋಗಿದೆ

ಮುಂಗಾರುಮೋಡ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ ಬೇಜಾರು ಮಾಡ್ಕೋಬೇಡಿ. ನಂಗೀಗ 29 ವಾರ, ಚೊಚ್ಚಲು. ಇಲ್ಲೀತನಕ ಎಲ್ಲಾ ಸರಿಯಾಗೇ ಇದೆ, ಬಿಪಿ ಶುಗರ್ ಏನೂ ಇಲ್ಲ, ಒಂದೇ ಮಗು, ಮಾಸು ಮೇಲಿದೆ ಅಂತ ಸ್ಕ್ಯಾನಲ್ಲಿ ಬಂದಿದೆ, ಫೈಲಲ್ಲೂ ಲೋ ರಿಸ್ಕ್ ಅಂತಾನೇ ಬರೆದಿದಾರೆ. ಆದ್ರೆ ಎಲ್ಲಿ ಹೆರೋದು ಅನ್ನೋದಕ್ಕೆ ಮಾತ್ರ ಮನೇಲಿ ದಿನಾ ಚರ್ಚೆ.

ನಂಗೆ ಓಡಾಡ್ಕೊಂಡು, ಬೇಕಾದ ಹಾಗೆ ಕೂತು ನಿಂತು, ಸುಮ್ಸುಮ್ನೆ ಡ್ರಿಪ್ ಹಾಕಿಸ್ಕೊಳ್ದೆ, ಯೋನಿ ಬಾಯಿ ಹತ್ರ ಕತ್ತರಿ ಹಾಕಿಸ್ಕೊಳ್ದೆ ಹೆರ್ಬೇಕು ಅಂತ ಆಸೆ. ಕಳೆದ ಚೆಕಪ್ಪಲ್ಲಿ "ನೋವು ಬರೋವಾಗ ಎದ್ದು ಓಡಾಡ್ಬೋದಾ" ಅಂತ ಕೇಳ್ದೆ, ಡಾಕ್ಟ್ರು ಫೈಲಿಂದ ತಲೆ ಎತ್ತದೇ "ಅದೆಲ್ಲ ಆಗ ನೋಡೋಣ" ಅಂದ್ರು. ನಮ್ಮಕ್ಕಂಗೆ ಹಿಂಗೇ ಆಗ ನೋಡೋಣ ಆಗ ನೋಡೋಣ ಅಂತ ಹೇಳಿ ಕೊನೆಗೆ ದಿನ ತುಂಬೋಕ್ಮುಂಚೇನೇ ನೋವು ಬರ್ಸೋ ಇಂಜೆಕ್ಷನ್ನು, ಅಂಗಾತ ಮಲಗಿಸಿದ್ದು, ಗರ್ಭಕೋಶದ ಬಾಯಿ ತೆರೀಲಿಲ್ಲ ಅಂತ ಸಿಸೇರಿಯನ್ನು. ಅವ್ಳು ಇವತ್ತಿಗೂ ಆ ದಿನದ ಬಗ್ಗೆ ಮಾತಾಡಲ್ಲ.

ಈಗ ನನ್ನ ಮುಂದಿರೋದು ಇಷ್ಟು. ಒಂದು, ಮಾಮೂಲಿ ಆಸ್ಪತ್ರೆ. ಎರಡು, ಮಿಡ್‌ವೈಫ್‌ಗಳೇ (ಹೆರಿಗೆ ಮಾಡಿಸೋಕೆ ಓದಿ ಬಂದಿರೋರು) ನಡೆಸೋ ಬರ್ತ್ ಸೆಂಟರ್, ಅಲ್ಲಿ ಡಾಕ್ಟ್ರಿಲ್ಲ, ದೊಡ್ಡ ನೀರಿನ ಟಬ್ ಇದೆ, ಹೋಗಿ ನೋಡ್ಕೊಂಡ್ ಬಂದೆ, ತುಂಬಾ ಇಷ್ಟ ಆಯ್ತು, ಏನಾದ್ರೂ ಆದ್ರೆ ಆಸ್ಪತ್ರೆಗೆ ಕಾರಲ್ಲಿ ಇಪ್ಪತ್ತು ನಿಮಿಷ. ಮೂರು, ಮನೆಗೇ ಬರೋ ಮಿಡ್‌ವೈಫ್. ಅಮ್ಮ "ನಾವೆಲ್ಲ ಮನೇಲೇ ಹುಟ್ಟಿದ್ದಲ್ವಾ" ಅಂತಾರೆ, ನನ್ನ ಗಂಡ ಎಲ್ಲದಕ್ಕೂ "ಏನಾದ್ರೂ ಆದ್ರೆ?" ಅನ್ನೋದೊಂದೇ. ಇಬ್ರದ್ದೂ ಸರಿ ಅನ್ಸತ್ತೆ, ಅದೇ ಕಷ್ಟ. ಅನುಭವ ಇರೋರು ನಿಜವಾಗ್ಲೂ ಏನಾಯ್ತು ಅಂತ ಹೇಳಿ ಪ್ಲೀಸ್. ಧೈರ್ಯವಾಗಿರು, ಎಲ್ಲಾ ಒಳ್ಳೇದಾಗತ್ತೆ ಅಂತ ಮಾತ್ರ ಹೇಳ್ಬೇಡಿ, ಅದನ್ನ ಹೇಳೋಕೆ ಮನೆ ತುಂಬಾ ಜನ ಇದಾರೆ.

ಎರಡುಜಡೆ:

ನನ್ನ ಮೊದಲನೇದು ಬರ್ತ್ ಸೆಂಟರಲ್ಲಿ ಶುರುವಾಗಿ ಆಸ್ಪತ್ರೇಲಿ ಮುಗೀತು, ಎರಡನೇದು ಪೂರ್ತಿ ಸೆಂಟರಲ್ಲೇ ಆಯ್ತು. ಅದಕ್ಕೇ ನಾನು ಹೇಳ್ಬೋದು ಅನ್ಸತ್ತೆ.

ಸೆಂಟರಲ್ಲಿ ನೋವು ತಡ್ಕೊಳ್ಳೋದು ನಿಜವಾಗ್ಲೂ ಬೇರೆ ಥರಾನೇ. ಲೈಟು ಕಮ್ಮಿ, ಗೋಡೆ ಹಿಡ್ಕೊಂಡು ಸೊಂಟ ಆಡಿಸ್ತಾ ನಿಂತಿದ್ರೆ ಯಾರೂ ಮಲಗಿ ಅನ್ನಲ್ಲ, ಮಿಡ್‌ವೈಫ್ ಒಂದು ಮೂಲೇಲಿ ಸ್ಟೂಲ್ ಹಾಕ್ಕೊಂಡು ಸುಮ್ನೆ ಕೂತಿರ್ತಾರೆ. ಏನೂ ಮಾಡ್ತಿಲ್ಲ ಅನ್ಕೊಂಡಿದ್ದೆ, ಆದ್ರೆ ಪ್ರತಿ ಕಾಲು ಗಂಟೆಗೆ ಒಂದ್ಸಲ, ನೋವು ಇಳೀತಿದ್ದ ಹಾಗೇ ಡಾಪ್ಲರ್ (ಎದೆಬಡಿತ ಕೇಳಿಸೋ ಸಣ್ಣ ಯಂತ್ರ) ಹೊಟ್ಟೆ ಮೇಲಿಟ್ಟು ಪೂರ್ತಿ ಒಂದು ನಿಮಿಷ ಗಡಿಯಾರ ನೋಡ್ಕೊಂಡು ಮಗು ಎದೆಬಡಿತ ಎಣಿಸಿ ಬರ್ಕೊಳ್ತಿದ್ರು. ನೀರು ಒಡೆದಾಗ ಅವ್ರು ಪ್ಯಾಡನ್ನ ಕಿಟಕಿ ಹತ್ರ ತಗೊಂಡ್ಹೋಗಿ ಬೆಳಕಲ್ಲಿ ನೋಡಿದ್ರು, ದಟ್ಟ ಹಸಿರು. ಮಗು ಒಳಗೇ ಮಲ ಮಾಡ್ಕೊಂಡಿತ್ತು. ಗಾಬರಿ ಏನಿಲ್ಲ, ಧ್ವನಿ ಕೂಡ ಏರಿಸ್ಲಿಲ್ಲ, "ಈಗ ಹೊರಡೋಣ, ನಾನೂ ಬರ್ತೀನಿ" ಅಂದ್ರು ಅಷ್ಟೇ, ಇನ್ನೊಬ್ರು ಆಗ್ಲೇ ಫೋನ್ ಮಾಡ್ತಿದ್ರು.

ದಾರಿ ಮಾತ್ರ ನರಕ ಕಣ್ರೀ, ಅದನ್ನ ಮುಚ್ಚಿಡಲ್ಲ. ಎಡ ಮಗ್ಗುಲಾಗಿ ಮಲಗಿ ಪ್ರತಿ ರೋಡ್ ಹಂಪ್‌ಗೂ ಜೀವ ಬಾಯಿಗೆ ಬಂದಂಗಾಗ್ತಿತ್ತು. ಆದ್ರೆ ಆಸ್ಪತ್ರೆ ಬಾಗಿಲಲ್ಲಿ ಯಾರೂ ಹೆಸರು ವಿಳಾಸ ಅಂತ ನಿಲ್ಲಿಸ್ಲಿಲ್ಲ, ಯಾಕಂದ್ರೆ ನನ್ನ ಕಾರ್ಡು ಮೊದ್ಲೇ ಅಲ್ಲಿ ಮಾಡಿಸಿಟ್ಟಿದ್ರು. ಮಿಡ್‌ವೈಫು ಡ್ಯೂಟಿ ಡಾಕ್ಟ್ರಿಗೆ ನಿಂತಲ್ಲೇ ಎಲ್ಲಾ ಹೇಳಿ ಚಾರ್ಟ್ ಕೊಟ್ರು, ಆಮೇಲೆ ನನ್ನ ಜೊತೇಲೇ ಉಳ್ಕೊಂಡ್ರು. ತಲೆಗೆ ವ್ಯಾಕ್ಯೂಮ್ ಕಪ್ ಹಾಕಿ ಎಳೆದು ತೆಗೆದ್ರು, ಹೊಲಿಗೆ ಬಿತ್ತು, ಮಗಳು ಒಂದಿನ ಅಬ್ಸರ್ವೇಶನಲ್ಲಿದ್ಲು, ಚೆನ್ನಾಗಿದಾಳೆ, ಈಗ ನನ್ನ ತಲೇನೇ ತಿಂತಾಳೆ.

ಹಾಗಾಗಿ ನೀವು ಸೆಂಟರ್ ಚೆನ್ನಾಗಿದ್ಯಾ ಅಂತ ನೋಡೋಕೆ ಹೋದಾಗ ಟಬ್ ನೋಡಿದ್ದು ಸಾಕು, ಟ್ರಾನ್ಸ್‌ಫರ್ ಹೇಗೆ ಮಾಡ್ತೀರಿ ಅಂತ ಕೂರಿಸ್ಕೊಂಡು ಕೇಳಿ. ಯಾವ ಗಾಡಿ, ಯಾವ ಆಸ್ಪತ್ರೆ, ಜೊತೆಗೆ ಯಾರು ಬರ್ತಾರೆ, ಅಲ್ಲಿನೋರಿಗೆ ಇವ್ರು ಗೊತ್ತಾ. ಉತ್ತರ ತಡವರಿಸಿದ್ರೆ ಎದ್ದು ಬನ್ನಿ.

ಹೊಸಕಾಲದ ಸೂಲಗಿತ್ತಿ:

ನಾನು ಮಿಡ್‌ವೈಫ್, ಬರ್ತ್ ಸೆಂಟರಲ್ಲೇ ಕೆಲಸ, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಉಪ್ಪು ಖಾರ ಕಳೆದು ಓದ್ಕೊಳ್ಳಿ. ಎರಡುಜಡೆ ಅವ್ರು ಹೇಳಿದ್ದು ಅಪರೂಪದ ಕಥೆ ಅನ್ಕೋಬೇಡಿ. ಚೊಚ್ಚಲಲ್ಲಿ ಟ್ರಾನ್ಸ್‌ಫರ್ ಅನ್ನೋದು ಮಾಮೂಲಿ ಸಂಗತಿ. ಇಂಗ್ಲೆಂಡಲ್ಲಿ 64 ಸಾವಿರಕ್ಕೂ ಹೆಚ್ಚು ಲೋ ರಿಸ್ಕ್ ಹೆರಿಗೆಗಳನ್ನ ಹಿಂಬಾಲಿಸಿ ಮಾಡಿದ ಬರ್ತ್‌ಪ್ಲೇಸ್ ಅಂತ ಒಂದು ದೊಡ್ಡ ಅಧ್ಯಯನ ಇದೆ, 2011ರಲ್ಲಿ ಬಂತು. ಅದರಲ್ಲಿ ಚೊಚ್ಚಲು ಹೆರಿಗೆಗೆ ಮನೆ ಅಂತ ನಿರ್ಧರಿಸಿದೋರಲ್ಲಿ ನೂರಕ್ಕೆ 45 ಜನ ಆಸ್ಪತ್ರೆಗೆ ಹೋಗ್ಬೇಕಾಯ್ತು, ಪ್ರತ್ಯೇಕವಾಗಿರೋ ಬರ್ತ್ ಸೆಂಟರಿಂದ ಸುಮಾರು 36, ಆಸ್ಪತ್ರೆ ಆವರಣದಲ್ಲೇ ಇರೋ ಮಿಡ್‌ವೈಫ್ ಯೂನಿಟ್ಟಿಂದ ಸುಮಾರು 40. ಹೆರಿಗೆ ಆದ್ಮೇಲೆ ಹೋದೋರೂ ಇದರಲ್ಲಿ ಸೇರಿದಾರೆ. ಆಗ್ಲೇ ಒಂದು ಹೆತ್ತೋರಲ್ಲಿ ಇದು ನೂರಕ್ಕೆ 9ರಿಂದ 13ರೊಳಗೆ. ಹೆಚ್ಚಿನವು ಸೈರನ್ ಹಾಕ್ಕೊಂಡು ಓಡೋ ಎಮರ್ಜೆನ್ಸಿ ಅಲ್ಲ, ನೋವು ಮುಂದುವರೀತಿಲ್ಲ, ಇಲ್ಲಾ ಎಪಿಡ್ಯೂರಲ್ (ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಔಷಧಿ) ಬೇಕು, ಇಂಥವೇ ಜಾಸ್ತಿ.

ಮಗೂಗೆ ಏನಾಯ್ತು ಅಂತ ನಿಮ್ಮ ಯಜಮಾನ್ರು ಕೇಳ್ತಾರಲ್ಲ, ಅದಕ್ಕೂ ಅಲ್ಲೇ ಉತ್ತರ ಇದೆ. ಬರ್ತ್ ಸೆಂಟರಿಗೂ ಆಸ್ಪತ್ರೆಗೂ ಮಗುವಿನ ಮಟ್ಟಿಗೆ ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ತಾಯಿಗೆ ಸಿಸೇರಿಯನ್ನು, ಕತ್ತರಿ ಹಾಕೋದು ಎಲ್ಲಾ ಸೆಂಟರಲ್ಲಿ ಕಮ್ಮಿ. ಚೊಚ್ಚಲು ಮನೇಲಿ ಅಂದಾಗ ಮಾತ್ರ ಮಗೂಗೆ ಗಂಭೀರ ತೊಂದರೆ ಆಗೋದು ಸಾವಿರಕ್ಕೆ 9.3, ಆಸ್ಪತ್ರೇಲಿ 5.3. ಎರಡೂ ಸಣ್ಣ ಸಂಖ್ಯೇನೇ, ಆದ್ರೆ ಒಂದಕ್ಕಿಂತ ಇನ್ನೊಂದು ದೊಡ್ಡದು ಅನ್ನೋದೂ ನಿಜ. ಎರಡನೇ ಹೆರಿಗೆಯಿಂದ ಆ ವ್ಯತ್ಯಾಸ ಸಿಗ್ಲಿಲ್ಲ.

ಇದರ ಮೇಲೆ ಒಂದು ಮಾತು ಹೇಳ್ಲೇಬೇಕು, ಈ ಅಂಕಿ ಬಂದಿದ್ದು ಮಿಡ್‌ವೈಫು, ಆಂಬುಲೆನ್ಸು, ಆಸ್ಪತ್ರೆ ಮೂರೂ ಒಂದೇ ವ್ಯವಸ್ಥೆಯೊಳಗಿರೋ ಕಡೆಯಿಂದ. ಅಲ್ಲಿ ಮನೆ ಹೆರಿಗೆಗೆ ಬರೋರ ಹಿಂದೆ ಪೂರ್ತಿ ವ್ಯವಸ್ಥೆ ನಿಂತಿರತ್ತೆ. ಅದಿಲ್ಲದ ಕಡೆ ಇದೇ ಅಂಕಿ ತೋರಿಸಿ ಮನೆ ಸೇಫ್ ಅನ್ನೋರ ಮಾತು ನಂಬ್ಬೇಡಿ, ಅದು ಯಾರೇ ಆಗಿರ್ಲಿ. ಮಿಡ್‌ವೈಫ್ ಅಂತ ಹೇಳ್ಕೊಳ್ಳೋರೆಲ್ಲ ಒಂದೇ ಅಲ್ಲ ಅನ್ನೋದೂ ಗೊತ್ತಿರ್ಲಿ. ಅಂತಾರಾಷ್ಟ್ರೀಯ ಮಿಡ್‌ವೈಫ್ ಒಕ್ಕೂಟದ ಪ್ರಕಾರ ನೇರವಾಗಿ ಸೇರಿದ್ರೆ ಕನಿಷ್ಠ 3 ವರ್ಷದ ಓದು, ನರ್ಸಿಂಗ್ ಮುಗಿಸಿ ಬಂದ್ರೆ 18 ತಿಂಗಳು. ನಾಲ್ಕು ವಾರಾಂತ್ಯದ ಕೋರ್ಸ್ ಮಾಡಿ ಬೆನ್ನು ತಿಕ್ಕೋರು ಡೂಲಾ ಆಗ್ಬೋದು, ಒಳ್ಳೇ ಕೆಲಸಾನೇ, ಆದ್ರೆ ಅವ್ರು ಮಿಡ್‌ವೈಫ್ ಅಲ್ಲ.

ಲೇಬರ್‌ರೂಮ್ ರಾತ್ರಿಪಾಳಿ:

ಆಸ್ಪತ್ರೆ ಕಡೆಯಿಂದ ಒಬ್ರಾದ್ರೂ ಮಾತಾಡ್ಬೇಕಲ್ವಾ. ನಾನು ಡಾಕ್ಟರ್, ಹೆರಿಗೆ ವಿಭಾಗದಲ್ಲೇ ಇರೋದು. ಮೇಲಿನೋರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದ್ರೆ ಎಲ್ರೂ ಮಗು ಹೊರಗೆ ಬರೋತನಕ ಮಾತ್ರ ಯೋಚನೆ ಮಾಡ್ತಾರೆ, ನಾವು ಹೆದರೋದು ಮಗು ಬಂದ್ಮೇಲಿನ ಮೊದಲ ಅರ್ಧ ಗಂಟೆಗೆ.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೇಲೆ ರಕ್ತ ಹರೀತಾ ಇರತ್ತೆ. ಮಾಸು ಬಿದ್ದ ತಕ್ಷಣ ಗರ್ಭಕೋಶ ಗಟ್ಟಿಯಾಗಿ ಮುದುಡ್ಕೊಂಡ್ರೆ ಆ ರಕ್ತನಾಳಗಳೆಲ್ಲ ಹಿಸುಕಿ ಮುಚ್ಕೊಳ್ತವೆ, ಹೊಕ್ಕುಳ ಹತ್ರ ಕೈಯಿಟ್ರೆ ತೆಂಗಿನಕಾಯಿ ಥರ ಸಿಗತ್ತೆ. ಮೆತ್ತಗಿದ್ರೆ ನಲ್ಲಿ ತೆರೆದಿದೆ ಅಂತಾನೇ ಅರ್ಥ. ಇದು ಯಾರಿಗಾಗತ್ತೆ ಅಂತ ಮೊದ್ಲೇ ಹೇಳೋಕಾಗಲ್ಲ, ಯಾವ ರಿಸ್ಕೂ ಇಲ್ದೋರಿಗೂ ಆಗತ್ತೆ. ಅದಕ್ಕೇ ಮಗು ಹುಟ್ಟಿದ ಕೂಡ್ಲೇ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡೋದು, ಇದು ನಿಮ್ಮಕ್ಕಂಗೆ ನೋವು ಬರ್ಲಿ ಅಂತ ಡ್ರಿಪ್ಪಲ್ಲಿ ಹಾಕೋ ಔಷಧೀನೇ ಆದ್ರೂ ಕೆಲಸ ಬೇರೆ. ಸಹಜ ಹೆರಿಗೆ ಅಂತ ಇದನ್ನೂ ಬೇಡ ಅನ್ನೋರಿದಾರೆ, ದಯವಿಟ್ಟು ಬೇಡ ಅನ್ಬೇಡಿ. ಇನ್ನೊಂದು, ಆ ಔಷಧಿ 2ರಿಂದ 8 ಡಿಗ್ರೀಲಿ ಇರ್ಬೇಕು, ಬಿಸಿಲಲ್ಲಿ ಬ್ಯಾಗೊಳಗೆ ಓಡಾಡಿದ್ದು ಕೈ ಕೊಡ್ಬೋದು. ಮನೇಗೆ ಬರೋ ಮಿಡ್‌ವೈಫನ್ನ "ಆಕ್ಸಿಟೋಸಿನ್ ಹೇಗೆ ತರ್ತೀರಿ" ಅಂತ ಕೇಳಿ, ಐಸ್ ಬಾಕ್ಸ್ ತೆಗೆದು ತೋರಿಸಿದ್ರೆ ಅವ್ರಿಗೆ ಕೆಲಸ ಗೊತ್ತು. ರಕ್ತಸ್ರಾವ ಕಮ್ಮಿ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್ ಇಟ್ಕೊಂಡಿದಾರಾ, ಮಗು ಅಳದೇ ಇದ್ರೆ ಮೊದಲ ಒಂದು ನಿಮಿಷದೊಳಗೆ ಮಾಸ್ಕಿಟ್ಟು ಉಸಿರು ಕೊಡೋಕೆ ಬ್ಯಾಗ್ ಇದ್ಯಾ, ಅದನ್ನ ಹಿಡಿಯೋಕೆ ಎರಡನೇ ಕೈ ಇದ್ಯಾ ಅಂತಾನೂ ಕೇಳಿ. ಒಬ್ರೇ ತಾಯೀನೂ ನೋಡಿ ಮಗೂನೂ ನೋಡೋಕಾಗಲ್ಲ. ರಕ್ತ ಬಾಟ್ಲಿ ಮಾತ್ರ ಯಾರ ಬ್ಯಾಗಲ್ಲೂ ಇರಲ್ಲ.

ಹಾಗಂತ ನಮ್ಮ ಕಡೆ ಎಲ್ಲಾ ಸರಿ ಅಂತಲ್ಲ. ನಿಮ್ಮ ಡಾಕ್ಟ್ರ "ಆಗ ನೋಡೋಣ" ನಂಗೂ ಇಷ್ಟ ಆಗ್ಲಿಲ್ಲ. ನೀವು ಕೇಳ್ತಿರೋದು ಯಾವುದೂ ಹಠ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಹೆರಿಗೆ ಶಿಫಾರಸುಗಳಲ್ಲಿ ಎಲ್ಲಾ ಇದೆ: ಜೊತೆಗೆ ನಿಮಗೆ ಬೇಕಾದೋರು ಇರೋದು, ಓಡಾಡೋದು, ಲೋ ರಿಸ್ಕ್ ಇದ್ರೆ ತಿಂದು ಕುಡಿಯೋದು, ಎಲ್ರಿಗೂ ಕತ್ತರಿ ಹಾಕ್ಬಾರ್ದು, ಹೊಟ್ಟೆ ಮೇಲೆ ಒತ್ತಿ ಮಗು ತಳ್ಳಬಾರ್ದು ಅನ್ನೋದು. ಗಂಟೆಗೆ ಒಂದು ಸೆಂಟಿಮೀಟರ್ ಬಾಯಿ ತೆರೀಲೇಬೇಕು ಅನ್ನೋ ಹಳೇ ಲೆಕ್ಕಾನೂ ಅವ್ರು ಬಿಟ್ಟಿದಾರೆ, ಜೋರಾದ ಹಂತ ಶುರುವಾಗೋದು 5 ಸೆಂಟಿಮೀಟರಿಂದ ಅಂತಾರೆ. ಬಾಯಿ ಮೂರು ಸೆಂಟಿಮೀಟರ್ ಇದ್ದಾಗ್ಲೇ ಅಡ್ಮಿಟ್ ಆಗಿ ಮಲಗಿದೋರಿಗೇ "ಮುಂದುವರೀತಿಲ್ಲ" ಅನ್ನೋ ಹಣೆಪಟ್ಟಿ ಬೇಗ ಬೀಳೋದು. ನೀರು ಒಡೀದೆ, ರಕ್ತ ಹೋಗದೆ, ಮಗು ಚೆನ್ನಾಗಿ ಆಡ್ತಿದ್ರೆ ಮೊದಮೊದಲ ನೋವನ್ನ ಮನೇಲೇ ಕಳೀರಿ.

ಹೊಳೆದಂಡೆ:

ಇಷ್ಟೊಂದು ಹೆದರಿಸ್ತೀರಲ್ಲ ಪಾಪ ಆ ಹುಡುಗೀನ. ಹೆರಿಗೆ ಕಾಯಿಲೆ ಅಲ್ಲ. ನಂದು ಮನೇಲೇ ಆಗಿದ್ದು, ನನ್ನ ಮಂಚ, ನನ್ನ ಬಚ್ಚಲು, ಮಗು ಹುಟ್ಟಿ ಹೊಕ್ಕುಳಬಳ್ಳಿ ಬಡ್ಕೊಳ್ಳೋದು ನಿಲ್ಲೋತನಕ ಎದೆ ಮೇಲೇ ಇತ್ತು, ಯಾರೂ ಕಿತ್ಕೊಂಡು ಹೋಗಿ ತೂಕ ಹಾಕ್ಲಿಲ್ಲ. ಆ ನೆಮ್ಮದೀನ ಯಾವ ಅಂಕಿ ಅಂಶದಲ್ಲೂ ಬರೆಯೋಕಾಗಲ್ಲ. ಅಮ್ಮನ ಮಾತು ಕೇಳಮ್ಮಾ.

ಹೊಸಕಾಲದ ಸೂಲಗಿತ್ತಿ:

@ಹೊಳೆದಂಡೆ ನಿಮ್ಮದು ಎರಡನೇದೋ ಮೂರನೇದೋ ಇರ್ಬೇಕು ಅಲ್ವಾ ಅಕ್ಕಾ? ಆ ನೆಮ್ಮದಿ ನಿಜ, ನಾನು ದಿನಾ ನೋಡೋದೇ ಅದನ್ನ. ಆದ್ರೆ ಒಂದ್ಸಲ ದಾರಿ ಆಗಿರೋ ಮೈಗೂ ಚೊಚ್ಚಲಿಗೂ ಅಜಗಜಾಂತರ, ಮೇಲೆ ಬರೆದ ಲೆಕ್ಕದಲ್ಲಿ ಅದೇ ಕಾಣೋದು. ಬಳ್ಳಿ ತಡವಾಗಿ ಕತ್ತರಿಸೋದು, ಮಗೂನ ಎದೆ ಮೇಲೆ ಹಾಕೋದು ಇವನ್ನ ಮನೇಗೇ ಬಿಟ್ಟುಕೊಡ್ಬೇಡಿ, ಆಸ್ಪತ್ರೇಲೂ ಕೇಳಿ ಪಡ್ಕೋಬೋದು, ಕನಿಷ್ಠ ಒಂದು ನಿಮಿಷ ಕಾದು ಕತ್ತರಿಸ್ಬೇಕು ಅನ್ನೋದು ಈಗ ಎಲ್ಲಾ ಕಡೆ ಪಾಠ.

ಅಮ್ಮಂದಿರ ಕಾಲದ ಬಗ್ಗೆ: ಉಳಿದೋರು ಮಾತ್ರ ಕಥೆ ಹೇಳ್ತಾರೆ. ಇದಕ್ಕಿಂತ ಜಾಸ್ತಿ ಹೇಳಲ್ಲ.

ಗುಬ್ಬಚ್ಚಿ ಗೂಡು:

ನಂದೂ ಒಂದು ಡೌಟು ಮಧ್ಯದಲ್ಲಿ. ಮೊದಲನೇದು ಸಿಸೇರಿಯನ್, ಈಗ ಎರಡನೇದು, ನಾರ್ಮಲ್ ಟ್ರೈ ಮಾಡ್ಬೇಕು, ಸೆಂಟರ್ ಸರಿ ಹೋಗತ್ತಾ?

ಲೇಬರ್‌ರೂಮ್ ರಾತ್ರಿಪಾಳಿ:

@ಗುಬ್ಬಚ್ಚಿ ಗೂಡು ಟ್ರೈ ಮಾಡಿ, ತುಂಬಾ ಜನಕ್ಕೆ ಆಗತ್ತೆ, ಆದ್ರೆ ಓಟಿ (ಆಪರೇಷನ್ ಥಿಯೇಟರ್) ಇರೋ ಆಸ್ಪತ್ರೇಲಿ. ಹಳೇ ಹೊಲಿಗೆ ಜಾಗ ನೋವಿನ ಹೊತ್ತಲ್ಲಿ ಬಿಡೋ ಸಾಧ್ಯತೆ ಇನ್ನೂರಕ್ಕೆ ಒಂದರ ಆಸುಪಾಸು, ಬಿಟ್ರೆ ನಿಮಿಷಗಳ ಲೆಕ್ಕ. ಅವಳಿ, ಕಾಲು ಮುಂದಾಗಿರೋ ಮಗು, ಮಾಸು ಕೆಳಗಿರೋದು, ಬಿಪಿ ಏರಿರೋದು, 37 ವಾರಕ್ಕೆ ಮುಂಚೆ ನೋವು ಬರೋದು, ಇವಕ್ಕೂ ಅದೇ ಮಾತು. ಒಳ್ಳೇ ಬರ್ತ್ ಸೆಂಟರ್ ಆದ್ರೆ ಅವ್ರೇ ನಿಮ್ಮನ್ನ ಒಪ್ಪಲ್ಲ.

ಅಪ್ಪ ಆದವ:

ನೋಡ್ರೀ ಅಕ್ಕಾರ, ಎಲ್ಲಾರೂ ಹೆಣ್ಮಕ್ಕಳ ಕಡಿಂದನ ಹೇಳ್ಯಾರ, ನಾ ನಿಮ್ಮ ಯಜಮಾನ್ರ ಕಡಿಂದ ಹೇಳ್ತೀನಿ. "ಏನರ ಆದ್ರ" ಅನ್ನೋದು ನನ್ನ ಬಾಯಾಗೂ ಇತ್ತು. ಅದು ಹೋಗಿದ್ದು ಹ್ಯಾಂಗಂದ್ರ, ನನ್ನ ಹೆಂಡ್ತಿ ನನ್ನ ಕರಕೊಂಡು ಹೋಗಿ ಮಿಡ್‌ವೈಫ್ ಮುಂದ ಕುಂದ್ರಿಸಿ "ಈಗ ಕೇಳು, ಏನೇನು ಕೇಳ್ತಿ" ಅಂದ್ಲು. ಕೇಳಿದೆ. ರಕ್ತ ಹೋದ್ರೇನು, ಕೂಸು ಅಳಲಿಲ್ಲಂದ್ರೇನು, ರಾತ್ರಿ ಎರಡಕ್ಕ ಗಾಡಿ ಎಲ್ಲಿ. ಆಕಿ ಒಂದೊಂದಕ್ಕೂ ಸಾಮಾನು ತಗದು ಟೇಬಲ್ ಮ್ಯಾಲ ಇಟ್ಟು ತೋರಿಸಿದ್ಲು. ಹೆದರಿಕಿ ಪೂರಾ ಹೋಗ್ಲಿಲ್ಲ ಬಿಡ್ರಿ, ಆದ್ರ ಕೆಲಸ ಸಿಕ್ತು ಅದಕ್ಕ. ಸೆಂಟರಿಂದ ಆಸ್ಪತ್ರಿಗೆ ದಾರಿ ನಾನ ಓಡಿಸಿ ನೋಡಿದೆ, ಮುಂಜಾನಿ ಟ್ರಾಫಿಕ್‌ನ್ಯಾಗೂ ಒಮ್ಮೆ. ಇಪ್ಪತ್ತು ನಿಮಿಷ ಅಂದದ್ದು ಆವಾಗ ನಲವತ್ತರ ಮ್ಯಾಲ ಹೋತು. ಇದನ್ನ ನೀವೂ ಮಾಡ್ಸ್ರಿ ಅವರ ಕಡಿಂದ.

ಮತ್ತ ನೋವಿನ ಹೊತ್ತಿನ್ಯಾಗ ಗಂಡಸು ಜೋಕ್ ಮಾಡಬಾರ್ದ್ರಿ. ಇದು ಬ್ಯಾರೆ ವಿಷಯ.

ಮುಂಗಾರುಮೋಡ:

ಅಯ್ಯೋ ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು, ಕೂತು ಎರಡೆರಡು ಸಲ ಓದಿದ್ವಿ ಇಬ್ರೂ. ಅಪ್ಪ ಆದವ ಅವ್ರ ಮಾತು ನೋಡಿ ಇವ್ರು ನಿನ್ನೆ ಸಾಯಂಕಾಲಾನೇ ಗಾಡಿ ತೆಗೆದ್ರು, ಸಂಜೆ ಹೊತ್ತಲ್ಲಿ ಮೂವತ್ತೈದು ನಿಮಿಷ ಆಯ್ತಂತೆ, ಮುಖ ಸಣ್ಣ ಮಾಡ್ಕೊಂಡು ವಾಪಸ್ ಬಂದ್ರು.

ಮನೆ ಅನ್ನೋದನ್ನ ಸದ್ಯಕ್ಕೆ ಕೈಬಿಟ್ಟೆ, ಮೊದಲನೇದಕ್ಕೆ ಬೇಡ. ಅಮ್ಮಂಗೆ ಹೇಳಿದೀನಿ, ಮುನಿಸ್ಕೊಂಡಿದಾರೆ. ಈಗ ಹುಡುಕ್ತಾ ಇರೋವಾಗ ಇನ್ನೊಂದು ಗೊತ್ತಾಯ್ತು, ಸ್ವಲ್ಪ ದೂರದಲ್ಲಿ ಒಂದು ಆಸ್ಪತ್ರೆ ಇದೆ, ಅದರೊಳಗೇ ಮಿಡ್‌ವೈಫ್ ಯೂನಿಟ್ ಇದೆಯಂತೆ, ಬೇರೆ ಮಹಡಿ, ಓಟಿ ಲಿಫ್ಟಲ್ಲಿ ಇಳಿದ್ರೆ ಅಷ್ಟೇ. ಆದ್ರೆ ರೂಮು ಮಾಮೂಲಿ ಆಸ್ಪತ್ರೆ ರೂಮಿನ ಥರಾನೇ ಇದೆ ಅಂತ ಕೇಳಿದೆ, ಟಬ್ ಇಲ್ಲ. ಅದೇ ಬಿಲ್ಡಿಂಗಲ್ಲಿ ಡಾಕ್ಟ್ರಿದ್ರೆ ಸುಮ್ನೆ ಇಳಿಸ್ಬಿಡಲ್ವಾ ಅನ್ನೋ ಭಯ.

ಹೊಸಕಾಲದ ಸೂಲಗಿತ್ತಿ:

ಅದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ್ತಿ! ನನ್ನ ಸೆಂಟರಿಗೆ ನಷ್ಟ ಆದ್ರೂ ಹೇಳ್ತೀನಿ, ನಿಮ್ಮಂಥ ಚೊಚ್ಚಲಿಗೆ, ದಾರಿ ಮೂವತ್ತೈದು ನಿಮಿಷ ಅಂದ್ಮೇಲೆ, ಅದನ್ನೇ ಮೊದಲು ನೋಡಿ. ಮೇಲಿನ ಅಂಕಿ ನೋಡಿದ್ರೆ ಅಂಥ ಯೂನಿಟ್ಟಿಂದ ಇಳಿಸೋದು ಪ್ರತ್ಯೇಕ ಸೆಂಟರಿಗಿಂತ ಸ್ವಲ್ಪ ಜಾಸ್ತೀನೇ, ನಿಮ್ಮ ಭಯ ಪೂರ್ತಿ ಸುಳ್ಳಲ್ಲ, ಆದ್ರೂ ಆಸ್ಪತ್ರೆ ಲೇಬರ್ ರೂಮಿಗೇ ನೇರ ಹೋದೋರಿಗೆ ಹೋಲಿಸಿದ್ರೆ ಅಲ್ಲೂ ಸಿಸೇರಿಯನ್ ಕಮ್ಮಿ. ಟಬ್ ಇಲ್ದಿದ್ರೆ ಶವರ್ ಇರತ್ತೆ, ಸೊಂಟದ ಮೇಲೆ ಬಿಸಿನೀರು ಬಿಟ್ಕೊಂಡು ಸ್ಟೂಲ್ ಮೇಲೆ ಕೂತ್ರೆ ಅರ್ಧ ನೋವು ಅದರಲ್ಲೇ ಕಳೀಬೋದು.

ಹೋದಾಗ ಮೂರು ವಿಷ್ಯ ಬಿಡ್ದೆ ಕೇಳಿ. ನನ್ನ ಜೊತೆ ಒಬ್ಬ ಮಿಡ್‌ವೈಫ್ ಕೊನೇತನಕ ಇರ್ತಾರಾ ಇಲ್ಲಾ ನಾಲ್ಕು ಜನಕ್ಕೆ ಒಬ್ರಾ. ಯಾಕಂದ್ರೆ ಹೆರಿಗೆ ಪೂರ್ತಿ ಒಬ್ರು ಪಕ್ಕದಲ್ಲೇ ಇದ್ರೆ ಸಿಸೇರಿಯನ್ ಕಮ್ಮಿಯಾಗಿ ನೋವಿನ ಹೊತ್ತೂ ಚಿಕ್ಕದಾಗತ್ತೆ ಅಂತ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನ ಒಟ್ಟು ಮಾಡಿದ 2017ರ ಕಾಕ್ರನ್ ವಿಮರ್ಶೇಲಿ ಬಂದಿದೆ, ನನ್ನ ಕೇಳಿದ್ರೆ ಟಬ್ಬಿಗಿಂತ ಅದು ಮುಖ್ಯ. ಕಳೆದ ವರ್ಷ ನಿಮ್ಮಲ್ಲಿ ಶುರು ಮಾಡಿದ ಚೊಚ್ಚಲಲ್ಲಿ ಎಷ್ಟು ಜನ ಕೆಳಗೆ ಹೋದ್ರು, ಅವ್ರಲ್ಲಿ ಎಷ್ಟಕ್ಕೆ ಸಿಸೇರಿಯನ್ ಆಯ್ತು, ಬರೆದಿಟ್ಟಿರೋ ಲೆಕ್ಕ ತೋರಿಸ್ತಾರಾ. ಕೆಳಗೆ ಹೋದ್ಮೇಲೆ ಅದೇ ಮಿಡ್‌ವೈಫ್ ಜೊತೇಲಿರ್ಬೋದಾ.

ಲೇಬರ್‌ರೂಮ್ ರಾತ್ರಿಪಾಳಿ:

+1. ಮತ್ತೆ 36 ವಾರದ ಹೊತ್ತಿಗೆ ಮಗು ತಲೆ ಕೆಳಗಿದ್ಯಾ ಅಂತ ನೋಡಿಸಿ, ಹಿಮೋಗ್ಲೋಬಿನ್ ಈಗಿಂದಾನೇ ಸರಿ ಮಾಡ್ಕೊಳ್ಳಿ, ರಕ್ತ ಕಮ್ಮಿ ಇರೋರಿಗೆ ಸ್ವಲ್ಪ ಹೋದ್ರೂ ತಡ್ಕೊಳ್ಳೋಕಾಗಲ್ಲ, ಎಷ್ಟೋ ಯೂನಿಟ್‌ಗಳು ಆ ಒಂದೇ ಕಾರಣಕ್ಕೆ ಬೇಡ ಅಂತವೆ. ಲೆಕ್ಕ ಕೇಳಿದ್ದಕ್ಕೆ ಮುಖ ಸಿಂಡರಿಸಿದ್ರೆ ಇಲ್ಲಿ ಬಂದು ಹೇಳಿ.

ಮುಂಗಾರುಮೋಡ:

ಹಿಮೋಗ್ಲೋಬಿನ್ 9.8 ಇದೆ, ಕಬ್ಬಿಣದ ಮಾತ್ರೆ ಕೊಟ್ಟಿದಾರೆ, ಮೋಶನ್ ಗಟ್ಟಿ ಆಗತ್ತೆ ಅಂತ ದಿನಾ ತಗೊಳ್ತಿರ್ಲಿಲ್ಲ. ಇವತ್ತಿಂದ ತಗೊಳ್ತೀನಿ. ಸೋಮವಾರಕ್ಕೆ ಯೂನಿಟ್ ನೋಡೋಕೆ ಟೈಮ್ ಕೊಟ್ಟಿದಾರೆ, ಇವ್ರೂ ಬರ್ತಾರೆ, ಪ್ರಶ್ನೆಗಳನ್ನೆಲ್ಲ ಫೋನಲ್ಲಿ ಬರ್ಕೊಂಡಾಯ್ತು.

ಹೊಸಕಾಲದ ಸೂಲಗಿತ್ತಿ:

9.8 ಸಾಲದು, 11 ದಾಟ್ಬೇಕು. ಟೀ ಕಾಫಿ ಜೊತೆ ನುಂಗ್ಬೇಡಿ, ಹುಳಿ ಹಣ್ಣಿನ ಜೊತೆ ತಗೊಳ್ಳಿ. ದಿನಾ ಆಗ್ಲೇ ಇಲ್ಲ ಅಂದ್ರೆ ಸುಮ್ನೆ ಬಿಡೋ ಬದ್ಲು ಡಾಕ್ಟ್ರಿಗೆ ಹೇಳಿ, ಬೇರೆ ಮಾತ್ರೆ ಕೊಡ್ತಾರೆ, ಅದೂ ಆಗ್ಲಿಲ್ಲ ಅಂದ್ರೆ ಡ್ರಿಪ್ಪಲ್ಲೂ ಕಬ್ಬಿಣ ಕೊಡೋಕಾಗತ್ತೆ. ಈ ಡ್ರಿಪ್ ಬೇಡ ಅನ್ಬೇಡಿ ಮತ್ತೆ 😄